ಅಚ್ಚುಮೆಚ್ಚಿನ ಅಚ್ಚು, ಸೀಸದ ಗುಂಡು

ಅಮೆರಿಕದ ಟೆಕ್ಸಾಸ್‌ನಲ್ಲಿರುವ ವೀಕ್ಷಕರೊಬ್ಬರು ನನಗೊಂದು ವಿಡಿಯೊ ಕಳಿಸಿದ್ದರು. ದಾವಣಗೆರೆ ಕಡೆಯವರು, ಸಾಫ್ಟ್‌ವೇರ್ ಕೆಲಸ. ಪಕ್ಕದ ಮನೆಯ ಹಿರಿಯರೊಬ್ಬರು ಗ್ಯಾರೇಜಿನಲ್ಲಿ ಸಣ್ಣ ಕರೆಂಟ್ ಒಲೆ ಇಟ್ಟುಕೊಂಡು, ಕರಗಿದ ಲೋಹವನ್ನು ಇಕ್ಕಳದಂಥ ಸಾಧನವೊಂದಕ್ಕೆ ಹುಯ್ಯುತ್ತಿದ್ದಾರೆ. ಮರದ ಕೋಲಿನಿಂದ ಒಂದು ತಟ್ಟು. ಇಕ್ಕಳ ಬಿಡಿಸಿದರೆ ಫಳಫಳ ಹೊಳೆಯುವ ಗುಂಡುಗಳು ಟವೆಲ್ ಮೇಲೆ ಉದುರುತ್ತವೆ. ಪಕ್ಕದಲ್ಲಿ ಆರು ವರ್ಷದ ಒಬ್ಬ ಹುಡುಗ ಬೆರಗಿನಿಂದ ನೋಡ್ತಾ ನಿಂತಿದ್ದಾನೆ. ನಮ್ಮ ವೀಕ್ಷಕರ ಮಗ. ಅವನ ಅಂಗೈಯಲ್ಲೂ ಒಂದು ಗುಂಡು.

ಅವರ ಪ್ರಶ್ನೆ ಇಷ್ಟೆ: "ಸರ್, ಮನೇಲಿ ಗುಂಡು ಮಾಡೋದು ಕ್ರೈಂ ಅಲ್ವಾ? ಪೊಲೀಸರಿಗೆ ಹೇಳಬೇಕಾ?"

ಉತ್ತರ ಹೇಳೋದಕ್ಕೆ ಮೊದಲು, ಆ ಗ್ಯಾರೇಜಿನಲ್ಲಿ ನಡೀತಿರೋದು ಏನು ಅಂತ ಅರ್ಥ ಮಾಡ್ಕೊಳ್ಳೋಣ.

ಮೊದಲಿಗೆ ನಮ್ಮದೇ ಒಂದು ತಪ್ಪು ತಿದ್ದಿಕೊಳ್ತೀನಿ. "ಹತ್ತು ಸಜೀವ ಗುಂಡು ವಶ" ಅಂತ ನಾವು ಟಿವಿಯವರು ಓದ್ತೀವಿ. ಅಲ್ಲಿ ವಶವಾಗಿರೋದು ತೋಟಾ. ತೋಟಾ ಅಂದ್ರೆ ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಬಿಲ್ಲೆ, ಒಳಗೆ ಮದ್ದು, ತುದಿಯಲ್ಲಿ ಗುಂಡು. ನಾಲ್ಕೂ ಸೇರಿದರೆ ತೋಟಾ. ಬಂದೂಕಿನಿಂದ ಹಾರಿಹೋಗುವುದು ತುದಿಯ ಗುಂಡು ಮಾತ್ರ. ಆ ಹಿರಿಯರು ಎರಕ ಹುಯ್ಯುತ್ತಿದ್ದದ್ದು ಆ ತುದಿಯನ್ನು.

ಇನ್ನು ಅಚ್ಚಿನ ವಿಷಯ. ಸಂಕ್ರಾಂತಿಗೆ ನಮ್ಮ ಮನೆಗಳಲ್ಲಿ ಸಕ್ಕರೆ ಅಚ್ಚು ಮಾಡ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಮರದ ತುಂಡುಗಳನ್ನು ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಬಿಸಿ ಪಾಕ ಹುಯ್ದು, ಆರಿದ ಮೇಲೆ ಬಿಡಿಸಿದರೆ ಗಿಳಿಯೋ ಆನೆಯೋ ಈಚೆ ಬರುತ್ತೆ. ಗುಂಡಿನ ಅಚ್ಚೂ ಹೀಗೇ ಎರಡು ಹೋಳು. ಒಂದೊಂದರಲ್ಲೂ ಗುಂಡಿನ ಅರ್ಧ ಆಕಾರ ಕೊರೆದಿರುತ್ತಾರೆ. ಮೇಲೆ ತೂತಿರುವ ಉಕ್ಕಿನ ತಟ್ಟೆ. ಲೋಹ ಗಟ್ಟಿಯಾದ ಮೇಲೆ ಆ ತಟ್ಟೆಯನ್ನು ತಟ್ಟಿ ತಿರುಗಿಸಿದರೆ ಹೆಚ್ಚಿನ ಲೋಹ ಕತ್ತರಿಸಿಹೋಗುತ್ತೆ. ಒಂದು ದೊಡ್ಡ ವ್ಯತ್ಯಾಸ ಉಂಟು. ಸಕ್ಕರೆ ಅಚ್ಚನ್ನು ನೀರಲ್ಲಿ ನೆನೆಸಿ ಇಡ್ತೀವಿ. ಇಲ್ಲಿ ಒಂದು ತೊಟ್ಟು ನೀರು ಕರಗಿದ ಲೋಹದೊಳಗೆ ಬಿದ್ದರೂ ಅದು ಕ್ಷಣದಲ್ಲಿ ಆವಿಯಾಗಿ, ಕಾದ ಲೋಹ ಮುಖಕ್ಕೆ ಚಿಮ್ಮುತ್ತೆ.

ಯಾವ ಅಚ್ಚು ಒಳ್ಳೇದು ಅನ್ನೋದು ಈ ಹವ್ಯಾಸಿಗಳ ನಡುವೆ ಮುಗಿಯದ ಜಗಳ. ನಮ್ಮಲ್ಲಿ ದೋಸೆಗೆ ಕಬ್ಬಿಣದ ಕಾವಲಿಯೋ ನಾನ್‌ಸ್ಟಿಕ್ಕೋ ಅಂತ ವಾದ ಮಾಡೋ ಹಾಗೆ. ವಿಸ್ಕಾನ್ಸಿನ್ ರಾಜ್ಯದ ಲೀ ಕಂಪನಿಯದು ಅಲ್ಯೂಮಿನಿಯಂ ಅಚ್ಚು. ಅಗ್ಗ, ಹಗುರ, ಬೇಗ ಕಾಯುತ್ತೆ, ಆದರೆ ಮೆತ್ತಗಿನ ಲೋಹ, ಒರಟಾಗಿ ಬಳಸಿದರೆ ಕೆಡುತ್ತೆ. ಲೈಮನ್, ಆರ್‌ಸಿಬಿಎಸ್ ಕಂಪನಿಗಳದು ಕಬ್ಬಿಣದ್ದು. ಭಾರ, ನಿಧಾನವಾಗಿ ಕಾಯುತ್ತೆ, ಬಿಸಿ ಹಿಡಿದಿಟ್ಟುಕೊಳ್ಳುತ್ತೆ. ತುಕ್ಕು ಹಿಡಿಯದಂತೆ ನೋಡಿಕೊಂಡರೆ ತಾತನದು ಮೊಮ್ಮಗನಿಗೂ ಬರುತ್ತೆ. ಸ್ಲೊವೇನಿಯಾದ ಎಂಪಿ ಮೋಲ್ಡ್ಸ್ ಹಿತ್ತಾಳೆಯಲ್ಲಿ ಮಾಡಿಕೊಡುತ್ತೆ. ತೂಕವೂ ಜಾಸ್ತಿ, ಬೆಲೆಯೂ ಜಾಸ್ತಿ.

ಕೆಲವು ಅಚ್ಚುಗಳಿಗೆ ಸಿನಿಮಾ ನಟರಿಗಿದ್ದಂತೆ ಅಭಿಮಾನಿಗಳಿದ್ದಾರೆ. ಲೈಮನ್‌ನ 429421 ಅಂಥದ್ದು. ಮೊದಲ ಮೂರು ಅಂಕಿ ಗುಂಡಿನ ವ್ಯಾಸ, 0.429 ಇಂಚು. ಉಳಿದದ್ದು ವಿನ್ಯಾಸದ ನಂಬರ್. ಇದನ್ನು ರೂಪಿಸಿದವರು ಐಡಾಹೊ ರಾಜ್ಯದಲ್ಲಿ ದನ ಸಾಕಿಕೊಂಡು ಬಂದೂಕಿನ ಬಗ್ಗೆ ಬರೀತಿದ್ದ ಎಲ್ಮರ್ ಕೀತ್. ಗುಂಡಿನ ತೂಕ ಸುಮಾರು 16 ಗ್ರಾಂ. ಕೀತ್ ತೀರಿಕೊಂಡದ್ದು 1984ರಲ್ಲಿ, ಅವರ ಅಚ್ಚು ಮಾತ್ರ ಇವತ್ತಿಗೂ ಅಚ್ಚುಮೆಚ್ಚು.

ಅಂಗಡಿಯಲ್ಲಿ ಸಿಗೋದನ್ನು ಮನೆಯಲ್ಲಿ ಯಾಕೆ ಮಾಡಬೇಕು? ಒಂದು ಕಾರಣ ದುಡ್ಡು. ಇನ್ನೊಂದು ಕಾರಣ ಇತಿಹಾಸ. 1776ರ ಜುಲೈ 9ರಂದು ನ್ಯೂಯಾರ್ಕಿನಲ್ಲಿ ಸ್ವಾತಂತ್ರ್ಯದ ಘೋಷಣೆಯನ್ನು ಓದಿ ಹೇಳಿದ ಮೇಲೆ ಜನ ನುಗ್ಗಿ ಬ್ರಿಟಿಷ್ ದೊರೆ ಮೂರನೇ ಜಾರ್ಜ್‌ನ ಪ್ರತಿಮೆಯನ್ನು ಉರುಳಿಸಿದರು. ಚಿನ್ನದ ಲೇಪ ಇದ್ದ ಸೀಸದ ಪ್ರತಿಮೆ ಅದು. ಅದರ ತುಂಡುಗಳು ಕನೆಕ್ಟಿಕಟ್‌ನ ಲಿಚ್‌ಫೀಲ್ಡ್ ಊರಿಗೆ, ಆಲಿವರ್ ವುಲ್ಕಾಟ್ ಎಂಬ ನಾಯಕರ ಮನೆಗೆ ಹೋದವು. ಮನೆಯ ಹೆಂಗಸರು, ಮಕ್ಕಳು, ನೆರೆಹೊರೆಯವರು ಕೂತು ಎರಕ ಹುಯ್ದರು. ಲೆಕ್ಕ ಬರೆದಿಟ್ಟಿದ್ದಾರೆ: 42,088 ಗುಂಡು! ದೊರೆಯ ಸೀಸವನ್ನು ದೊರೆಯ ಸೈನಿಕರಿಗೇ ವಾಪಸ್ ಕೊಟ್ಟರು. ಮನೆಯಲ್ಲಿ ಗುಂಡು ಎರೆಯೋದು ಅಲ್ಲಿನವರಿಗೆ ಸ್ವಾತಂತ್ರ್ಯದ ನೆನಪಿನ ಜೊತೆ ಬೆರೆತ ಕೆಲಸ.

ಅಲ್ಲಿನ ಕೇಂದ್ರ ಕಾನೂನಿನಲ್ಲಿ ತೋಟಾ ಮಾಡಿ ಮಾರುವುದಕ್ಕೆ ಲೈಸೆನ್ಸ್ ಬೇಕು. ಸ್ವಂತ ಬಳಕೆಗೆ ಮಾಡಿಕೊಳ್ಳೋಕೆ ಬೇಡ. ಆದ್ದರಿಂದ ಪಕ್ಕದ ಮನೆಯ ಹಿರಿಯರು ಅಪರಾಧಿ ಅಲ್ಲ.

ನಮ್ಮ ದೇಶದ ಮಾತೇ ಬೇರೆ. ಇದನ್ನು ಓದಿ ಯಾರೂ ಕೈ ಹಾಕಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅನ್ನೋದರ ವ್ಯಾಖ್ಯೆಯೊಳಗೇ ಅದರ ಬಿಡಿಭಾಗ ಮತ್ತು ಅದನ್ನು ತಯಾರಿಸುವ ಯಂತ್ರಸಾಮಗ್ರಿ ಕೂಡ ಸೇರಿವೆ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಜೈಲು. "ಹಾಗಾದ್ರೆ ನಮ್ಮ ಕೊಡಗಿನವರು?" ಅಂತ ಕೇಳ್ತೀರಿ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ ಕೊಡವರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ 2029ರವರೆಗೆ ವಿಸ್ತರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಅದು ಕೋವಿ ಹೊಂದುವ, ಒಯ್ಯುವ ವಿಷಯದ ವಿನಾಯಿತಿ. ಮನೆಯನ್ನು ಕಾರ್ಖಾನೆ ಮಾಡಿಕೊಳ್ಳಲು ಕೊಟ್ಟ ಪರವಾನಗಿ ಅಲ್ಲ.

ಸರಿ, ಟೆಕ್ಸಾಸ್‌ಗೆ ವಾಪಸ್ ಬರೋಣ. ಕಾನೂನು ಸರಿ ಇದೆ ಅಂದಮೇಲೆ ಭಯ ಇಲ್ಲವಾ? ಇದೆ. ಆ ಭಯ ಇರೋದು ಒಲೆ ಮೇಲಿನ ಸೀಸದಲ್ಲಿ.

ನಾನು ಇಂಜಿನಿಯರಿಂಗ್ ಓದುವಾಗ ಫೌಂಡ್ರಿ ಲ್ಯಾಬಿನಲ್ಲಿ ಕಲಿತ ಮೊದಲ ಪಾಠ, ಲೋಹವನ್ನು ಆರಿಸೋದು ಅದು ಕರಗುವ ಬಿಸಿ ನೋಡಿ. ತಾಮ್ರ ಕರಗೋಕೆ 1,085 ಡಿಗ್ರಿ ಸೆಲ್ಸಿಯಸ್ ಬೇಕು. ಸೀಸಕ್ಕೆ ಬರೀ 327. ಹಾಗಾಗಿ ಸೀಸ ಮನೆಯ ಒಲೆಗೆ ಬಗ್ಗುವ ಲೋಹ. ಅಪ್ಪಟ ಸೀಸ ತೀರಾ ಮೆತ್ತಗೆ ಅಂತ ತವರ, ಆಂಟಿಮನಿ ಬೆರೆಸುತ್ತಾರೆ. ಇದು ಎಲ್ಲಿಂದ ಬರುತ್ತೆ ಗೊತ್ತಾ? ಕಾರಿನ ಚಕ್ರದ ತೂಕ ಸರಿದೂಗಿಸಲು ಅಂಟಿಸುವ ಬಿಲ್ಲೆಗಳಿಂದ, ಮತ್ತೆ ಹಳೆಯ ಪತ್ರಿಕಾ ಕಚೇರಿಗಳಿಂದ. ಲೈನೋಟೈಪ್ ಯಂತ್ರದಲ್ಲಿ ಅಕ್ಷರ ಎರೆಯುತ್ತಿದ್ದ ಲೋಹದಲ್ಲಿ ನೂರಕ್ಕೆ 84 ಪಾಲು ಸೀಸ, 12 ಆಂಟಿಮನಿ, 4 ತವರ. ಗಟ್ಟಿ ಗುಂಡಿಗೆ ಹೇಳಿ ಮಾಡಿಸಿದಂಥದ್ದು. ನ್ಯೂಯಾರ್ಕ್ ಟೈಮ್ಸ್ ಈ ಯಂತ್ರದಲ್ಲಿ ಕೊನೆಯ ಸಂಚಿಕೆ ಅಚ್ಚು ಹಾಕಿದ್ದು 1978ರ ಜುಲೈ 2ರಂದು. ಹೀಗೆ ಮುದ್ರಣಾಲಯಗಳು ಬಿಟ್ಟುಕೊಟ್ಟ ಲೋಹವನ್ನು ಹವ್ಯಾಸಿಗಳು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಸುದ್ದಿಯವನಾಗಿ ಇದನ್ನು ಓದಿದಾಗ ನನಗೆ ಸ್ವಲ್ಪ ಕಸಿವಿಸಿ ಆಯ್ತು.

ಜನ ಹೊಗೆಗೆ ಹೆದರ್ತಾರೆ. ಗಾಳಿ ಆಡಬೇಕು, ನಿಜ. ಆದರೆ ಸೀಸ ಕುದಿಯೋದು 1,749 ಡಿಗ್ರಿಯಲ್ಲಿ. ಎರಕದ ಬಿಸಿ ಅದರ ಕಾಲು ಭಾಗವೂ ಇರೋದಿಲ್ಲ. ನಿಜವಾದ ಕಳ್ಳ ಅಂದ್ರೆ ಧೂಳು. ಕರಗಿದ ಲೋಹದ ಮೇಲೆ ಬೂದು ಬಣ್ಣದ ಕಿಟ್ಟ ಕಟ್ಟುತ್ತೆ. ಅದನ್ನು ತೆಗೆದು ಪಕ್ಕಕ್ಕೆ ಹಾಕ್ತಾರೆ, ಪುಡಿಯಾಗುತ್ತೆ. ಕೈಗೆ, ಬಟ್ಟೆಗೆ, ಚಪ್ಪಲಿಗೆ ಅಂಟಿಕೊಂಡು ಗ್ಯಾರೇಜಿನಿಂದ ಹಾಲ್‌ಗೆ, ಹಾಲ್‌ನಿಂದ ಮಗುವಿನ ಬಾಯಿಗೆ. ಗುಂಡು ಮುಟ್ಟಿದ ಕೈಯಲ್ಲಿ ಬಿಸ್ಕತ್ತು ತಿಂದರೂ ಅಷ್ಟೆ.

ಮಕ್ಕಳ ವಿಷಯದಲ್ಲಿ ಇದು ಯಾಕೆ ಗಂಭೀರ? ಒಂದೇ ಮೂಲದಿಂದ ಬಂದ ಸೀಸವನ್ನು ಪುಟ್ಟ ಮಕ್ಕಳ ದೇಹ ದೊಡ್ಡವರಿಗಿಂತ 4ರಿಂದ 5 ಪಟ್ಟು ಹೆಚ್ಚು ಹೀರಿಕೊಳ್ಳುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅದು ಬೆಳೆಯುತ್ತಿರುವ ಮಿದುಳಿಗೆ ಪೆಟ್ಟು ಕೊಡುತ್ತೆ. ಬುದ್ಧಿ, ಗಮನ, ಕಲಿಕೆ ಕುಗ್ಗುತ್ತೆ. ಜ್ವರ ಬರೋದಿಲ್ಲ, ನೋವು ಇರೋದಿಲ್ಲ, ಹಾಗಾಗಿ ಮನೆಯವರಿಗೆ ಗೊತ್ತೇ ಆಗೋದಿಲ್ಲ. ಅಮೆರಿಕದ ಸಿಡಿಸಿ 2021ರಲ್ಲಿ, ಒಂದು ಡೆಸಿಲೀಟರ್ ರಕ್ತದಲ್ಲಿ 3.5 ಮೈಕ್ರೋಗ್ರಾಂ ಸೀಸ ಇದ್ದರೆ ಎಚ್ಚರಿಕೆ ಗಂಟೆ ಅಂತ ಗೆರೆ ಎಳೆದಿದೆ. ಅದರ ಕೆಳಗಿದ್ದರೆ ಸುರಕ್ಷಿತ ಅಂತ ಅಲ್ಲ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ.

ಇದು ಅಮೆರಿಕದ ಗೋಳು, ನಮಗೇನು ಅನ್ನಬೇಡಿ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ 2020ರಲ್ಲಿ ಕೊಟ್ಟ ವರದಿಯ ಅಂದಾಜಿನ ಪ್ರಕಾರ, ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಇರುವ ಮಕ್ಕಳು ಭಾರತದಲ್ಲೇ 27 ಕೋಟಿಗೂ ಮೇಲೆ. ನಮ್ಮಲ್ಲಿ ಗುಂಡಿನ ಅಚ್ಚು ಇಲ್ಲದಿರಬಹುದು. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್‌ಗಳಿವೆ, ಅಲ್ಲಿಂದ ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವ ಅಪ್ಪಂದಿರಿದ್ದಾರೆ.

ಟೆಕ್ಸಾಸ್‌ನ ಆ ವೀಕ್ಷಕರಿಗೆ ನಾನು ಬರೆದದ್ದು ಇಷ್ಟು: ಪೊಲೀಸರಿಗೆ ಬೇಡ, ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ. ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಟೆಸ್ಟ್ ಮಾಡಿಸಿ. ಹುಡುಗನ ಕೈಯಲ್ಲಿರೋ ಗುಂಡು ಇಸ್ಕೊಂಡು ಸೋಪು ಹಾಕಿ ಕೈ ತೊಳೆಸಿ. ಆಮೇಲೆ ಪಕ್ಕದ ಮನೆಗೆ ಹೋಗಿ ಕೂತು ಮಾತಾಡಿ. ಒಲೆ ಹೊತ್ತಿದಾಗ ಮಕ್ಕಳು ಒಳಗೆ ಬರಬಾರದು, ಆ ಕೆಲಸದ ಬಟ್ಟೆ ಚಪ್ಪಲಿ ಮನೆಯೊಳಗೆ ಹೋಗಬಾರದು, ಕಿಟ್ಟವನ್ನು ಮುಚ್ಚಳದ ಡಬ್ಬಿಯಲ್ಲೇ ಇಡಬೇಕು, ಅಲ್ಲಿ ತಿಂಡಿ ಕಾಫಿ ಕೂಡದು, ನೆಲವನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಮೂರು ವಾರ ಬಿಟ್ಟು ಮೆಸೇಜ್ ಬಂತು. ರಿಪೋರ್ಟ್ 3.5ರ ಗೆರೆಯ ಕೆಳಗಿತ್ತು. ಮತ್ತೊಮ್ಮೆ ಟೆಸ್ಟ್ ಮಾಡಿಸೋಣ ಅಂದಿದ್ದಾರಂತೆ ಡಾಕ್ಟರು. ಪಕ್ಕದ ಮನೆಯವರು ಬೇಜಾರು ಮಾಡ್ಕೊಳ್ಳಲಿಲ್ಲ. ಎಲ್ಲಾ ಕೇಳಿಸಿಕೊಂಡು, ತಾವೂ ಹೋಗಿ ರಕ್ತ ಕೊಟ್ಟು ಬಂದರಂತೆ. ಮೂವತ್ತು ವರ್ಷದಿಂದ ಎರಕ ಹುಯ್ಯುತ್ತಿದ್ದಾರೆ, ಟೆಸ್ಟ್ ಮಾಡಿಸಿದ್ದು ಇದೇ ಮೊದಲು. ಅವರ ಸೊಸೆಗೆ ಈಗ ಐದು ತಿಂಗಳು.