ಕಿವಿಯ ಮೂಲಕ ಸಾಗುವ ರುಚಿ

ಬೆಲ್ಲದ ಚೂರೊಂದನ್ನು ನಾಲಗೆಯ ತುದಿಯ ಮೇಲಿಟ್ಟೊಡನೆ ಹುಟ್ಟುವ ಸಿಹಿಯ ಅರಿವು ಮೆದುಳನ್ನು ಮುಟ್ಟುವ ಮುನ್ನ ಕಿವಿಯೊಳಗೆ ಹಾದುಹೋಗುತ್ತದೆಂದರೆ ಅನೇಕರಿಗೆ ನಂಬಿಕೆ ಬಾರದು. ಆದರೂ ಅದು ಅಂಗರಚನಾಶಾಸ್ತ್ರದ ನಿಶ್ಚಿತವಾದ ಸಂಗತಿಗಳಲ್ಲೊಂದು. ನಾಲಗೆಯನ್ನು ಮೂರು ಪಾಲು ಮಾಡಿದರೆ ಮುಂದಿನ ಎರಡು ಪಾಲಿನ ರುಚಿಯನ್ನು ಹೊತ್ತ ಕಾರ್ಡಾ ಟಿಂಪನಿ ಎಂಬ ಸಣ್ಣ ನರವು, ಮೊದಲು ಐದನೆಯ ಕಪಾಲನರದ ಕವಲೊಂದರ ಜೊತೆಗೂಡಿ ಸಾಗಿ, ಅನಂತರ ಅದನ್ನು ಅಗಲಿ, ಎಲುಬಿನ ಬಿರುಕೊಂದರಲ್ಲಿ ನುಸುಳಿ, ಮಧ್ಯಕರ್ಣದೊಳಗೆ ಸುತ್ತಿಗೆ, ಅಡಿಗಲ್ಲುಗಳೆಂಬ ಮೂಳೆಗಳ ನಡುವೆ ಕಿವಿತಮಟೆಯ ಒಳಮಗ್ಗುಲನ್ನು ಅಡ್ಡಲಾಗಿ ದಾಟಿ, ಏಳನೆಯ ಕಪಾಲನರವನ್ನು ಸೇರುತ್ತದೆ. ಅಲ್ಲಿಯೇ ಇರುವ ಮೂರನೆಯ ಮೂಳೆ ರಿಕಾಪು; ಸುಮಾರು 3 ಮಿಲಿಮೀಟರ್ ಎತ್ತರದ ಅದು ನಮ್ಮ ಶರೀರದ ಅತ್ಯಂತ ಕಿರಿಯ ಎಲುಬು. ಅದು ಕದಲದಂತೆ ಬಿಗಿದು ಕಿವುಡುಂಟಾದಾಗ ಶಸ್ತ್ರವೈದ್ಯರು ಈ ನರವನ್ನು ಎಚ್ಚರದಿಂದ ಪಕ್ಕಕ್ಕೆ ಸರಿಸಿ ಕೆಲಸ ಮಾಡಬೇಕಾಗುತ್ತದೆ. ನರಕ್ಕೆ ನೋವಾದರೆ, ಶ್ರವಣವನ್ನು ಮರಳಿ ಪಡೆದ ರೋಗಿಯು ನಾಲಗೆಯ ಒಂದು ಮಗ್ಗುಲಿನಲ್ಲಿ ಲೋಹದ ರುಚಿಯಿದೆಯೆಂದು ಕೆಲಕಾಲ ಹೇಳುವುದುಂಟು.

ಈ ಬಳಸುದಾರಿಯ ಕಾರಣವನ್ನು ಭ್ರೂಣಾವಸ್ಥೆಯಲ್ಲಿ ಅರಸಬೇಕು. ಗರ್ಭದ ನಾಲ್ಕನೆಯ, ಐದನೆಯ ವಾರಗಳಲ್ಲಿ ಭ್ರೂಣದ ಕೊರಳಿನ ಇಕ್ಕೆಲಗಳಲ್ಲಿ ಕಮಾನುಗಳು ಮೂಡುತ್ತವೆ. ಪ್ರತಿಯೊಂದಕ್ಕೂ ತನ್ನದೇ ಆದ ನರವುಂಟು. ಮೊದಲನೆಯ ಕಮಾನಿನಿಂದ ದವಡೆ, ಸುತ್ತಿಗೆ, ಅಡಿಗಲ್ಲು ಮತ್ತು ನಾಲಗೆಯ ಮುಂಭಾಗದ ಹೊದಿಕೆ. ಎರಡನೆಯದರಿಂದ ರಿಕಾಪಿನ ಬಹುಭಾಗ. ಮೂರನೆಯದರಿಂದ ನಾಲಗೆಯ ಹಿಂಭಾಗ. ನಾಲಗೆಯ ಸ್ನಾಯುಗಳಾದರೋ ತಲೆಯ ಹಿಂಬದಿಯಿಂದ ವಲಸೆ ಬಂದು, ಹನ್ನೆರಡನೆಯ ನರವನ್ನು ಜೊತೆಗೆ ತಂದಿವೆ. ಆದುದರಿಂದ ನಾಲಗೆಯ ತುದಿಗೆ ಸ್ಪರ್ಶವನ್ನು ಐದನೆಯ ನರವೂ ರುಚಿಯನ್ನು ಏಳನೆಯದೂ ಚಲನೆಯನ್ನು ಹನ್ನೆರಡನೆಯದೂ ಒದಗಿಸುತ್ತವೆ. ಹಿಂದಿನ ಪಾಲಿಗೆ ಸ್ಪರ್ಶ, ರುಚಿಗಳೆರಡಕ್ಕೂ ಒಂಬತ್ತನೆಯದೊಂದೇ ಸಾಕು. ಸರೀಸೃಪಗಳ ದವಡೆಯ ಕೀಲಿನಲ್ಲಿದ್ದ ಎಲುಬುಗಳೇ ಸಸ್ತನಿಗಳ ಕಿವಿಯಲ್ಲಿ ಸುತ್ತಿಗೆ, ಅಡಿಗಲ್ಲುಗಳಾಗಿವೆಯೆಂಬ ಸಾದೃಶ್ಯವನ್ನು ಜರ್ಮನಿಯ ರೈಖರ್ಟ್ 1837ರಲ್ಲಿಯೇ ಗುರುತಿಸಿದ್ದನು. ಡಾರ್ವಿನನ ಮಹಾಗ್ರಂಥ ಇನ್ನೂ ಹೊರಬಾರದಿದ್ದ ಕಾಲದಲ್ಲಿ ಇಂತಹ ಒಳನೋಟ ಸಾಧ್ಯವಾದುದು ನನಗೆ ಇಂದಿಗೂ ವಿಸ್ಮಯ.

ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯದಿಂದ ಶಬ್ದವನ್ನು ಒಯ್ಯುವುದು ಎಂಟನೆಯ ನರ, ಅದು ನೋವನ್ನರಿಯದು. ಕಿವಿಯ ನೋವನ್ನು ಹೊರಗಡೆ ಐದನೆಯ ಮತ್ತು ಹತ್ತನೆಯ ನರಗಳೂ ಕುತ್ತಿಗೆಯ ನರಗಳೂ, ಮಧ್ಯಕರ್ಣದಲ್ಲಿ ಮುಖ್ಯವಾಗಿ ಒಂಬತ್ತನೆಯದೂ ಸಾರುತ್ತವೆ. ಕಿವಿಯ ಗುಗ್ಗೆ ತೆಗೆಯುವಾಗ ಕೆಲವರಿಗೆ ಕೆಮ್ಮು ಬರುವುದೂ ಗಂಟಲಿಗೆ ಹೋಗುವ ಹತ್ತನೆಯ ನರದ ಕವಲು ಅಲ್ಲಿರುವುದರಿಂದಲೇ.

ನಾಲಗೆಗೂ ಕಿವಿಗೂ ಐದನೆಯ ಮತ್ತು ಒಂಬತ್ತನೆಯ ನರಗಳು ಸಮಾನವಾದುದರಿಂದ, ನಾಲಗೆಯ ಹುಣ್ಣಿನ ನೋವನ್ನು ಮೆದುಳು ಕಿವಿಯದೆಂದೇ ಭ್ರಮಿಸುವುದುಂಟು. ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಬಹುಕಾಲ ಅಗಿದವರು ಒಂದೇ ಕಿವಿಯ ಬಿಡದ ನೋವೆಂದು ಎಣ್ಣೆ ಬಿಟ್ಟುಕೊಳ್ಳುತ್ತ ದಿನ ಕಳೆಯುವಾಗ, ಕಿವಿಯಲ್ಲಿ ಯಾವ ದೋಷವೂ ಇಲ್ಲದೆ ನಾಲಗೆಯ ಬುಡದಲ್ಲಿ ಅರ್ಬುದ ಬೆಳೆಯುತ್ತಿರಬಹುದು. ಇದು ನಮ್ಮ ಊರೂರಿಗೂ ತಿಳಿಯಲೇಬೇಕಾದ ಮಾತು. ಅಂತಹ ರೋಗಿಯ ಕಿವಿತಮಟೆ ಸ್ವಚ್ಛವಾಗಿ ಕಂಡಾಗ ವೈದ್ಯರು ಬಾಯಿ ತೆರೆಯಿಸಿ, ನಾಲಗೆಯ ಅಂಚುಗಳನ್ನೂ ಗಲಗ್ರಂಥಿಗಳನ್ನೂ ನೋಡಿ, ಕನ್ನಡಿಗೆ ಕಾಣದ ಗಡಸುತನವನ್ನು ಅರಿಯಲು ನಾಲಗೆಯ ಬುಡವನ್ನು ಬೆರಳಿನಿಂದ ಒತ್ತಿ ಪರೀಕ್ಷಿಸುತ್ತಾರೆ.