ವೇದಾವತಿ ಬೆನ್ನು ಹತ್ತಿ ಘಟ್ಟಕ್ಕೆ, ಅಲ್ಲಿಂದ ಕಡಲಿಗೆ

ಗುಮ್ಮಘಟ್ಟ: ಈ ಭಾಗದಲ್ಲಿ ಟ್ರೇಲರ್ ಅಂದ್ರೆ ಟ್ರ್ಯಾಕ್ಟರ್ ಹಿಂದಿನ ಡಬ್ಬಿನೇ. ಶೇಂಗಾ ಹೇರೋಕೂ ಅದೇ, ಮನೆಮಂದಿಯೆಲ್ಲ ಜಾತ್ರೆಗೆ ಹೋಗೋಕೂ ಅದೇ. ತಾಡಪಾಲು ಕಟ್ಟಿ, ಹುಲ್ಲು ಹಾಸಿ, ಬುತ್ತಿ, ಒಲೆ, ನೀರಿನ ಡ್ರಮ್ಮು ಇಟ್ಕೊಂಡ್ರೆ ಗಾಲಿ ಮೇಲಿನ ಮನೆ ಸಿದ್ಧ. ಕಾರಿನ ಹಿಂದೆ ಹಾಸಿಗೆ, ಅಡುಗೆಮನೆ ಸಮೇತ ಎಳೆದೊಯ್ಯುವ ಟ್ರೇಲರ್ ಪ್ರವಾಸ ವಿದೇಶಗಳಲ್ಲಿ ಹಳೇ ರೂಢಿ. ಗಾಲಿ ಮನೆ ಪ್ರವಾಸಕ್ಕೆಂದೇ ಕೇರಳ ಸರ್ಕಾರ 2021ರಲ್ಲಿ ‘ಕೆರವಾನ್ ಕೇರಳ’ ಆರಂಭಿಸಿತು.

ಅಂಥ ಗಾಡಿ ಕಟ್ಟಿಕೊಂಡು ಇಲ್ಲಿಂದ ಕಡಲಿಗೆ ಹೊರಟರೆ ದಾರಿ ಯಾವುದು? ಊರ ನದಿಯೇ ಅರ್ಧ ದಾರಿ ತೋರಿಸುತ್ತದೆ.

ನೀರಿನ ಜಾಡು

ಗುಮ್ಮಘಟ್ಟ ಮಂಡಲದ ಭೈರವಾನಿತಿಪ್ಪ ಜಲಾಶಯಕ್ಕೆ ನೀರು ಬರೋದು ವೇದಾವತಿಯಿಂದ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯ ಜಿಲ್ಲೆಯಲ್ಲಿ ಈ ಡ್ಯಾಂ ತುಂಬೋದೇ ಅಪರೂಪ. ನೀರು ಎಲ್ಲಿ ನಿಂತಿತು ಎಂದು ನೋಡಬೇಕಾದರೆ ರಾಯದುರ್ಗ, ಮೊಳಕಾಲ್ಮೂರು, ಚಳ್ಳಕೆರೆ ದಾಟಿ ಹಿರಿಯೂರಿಗೆ ಹೋಗಬೇಕು. ಹೊಸದುರ್ಗ ದಾರಿಯಲ್ಲಿ ಸಿಗುವುದು 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ. ಎರಡು ಗುಡ್ಡಗಳ ನಡುವಿನ ಈ ಮಾರಿಕಣಿವೆ ಅಣೆಕಟ್ಟೆ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ!

ಮುಂದೆ ಕಡೂರು. ವೇದಾ ಮತ್ತು ಅವತಿ ಎಂಬ ಎರಡು ಹೊಳೆ ಈ ತಾಲ್ಲೂಕಿನಲ್ಲಿ ಕೂಡಿ ವೇದಾವತಿ ಆಗುತ್ತದೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ವೇದಾ ಹೊಳೆಯದು. ಎರಡರ ಹುಟ್ಟೂ ಬಾಬಾಬುಡನ್‌ಗಿರಿ ಸಾಲಿನಲ್ಲಿ. ಟ್ರೇಲರ್ ಚಿಕ್ಕಮಗಳೂರಿನಲ್ಲೇ ಬಿಟ್ಟು ಬರೀ ಕಾರಿನಲ್ಲಿ ಗಿರಿ ಹತ್ತುವುದು ಲೇಸು. ಮೇಲಿನ ರಸ್ತೆ ಕಿರಿದು, ತಿರುವು ಜಾಸ್ತಿ.

ಘಟ್ಟದಲ್ಲಿ ಎಚ್ಚರ

ಮೂಡಿಗೆರೆ, ಕೊಟ್ಟಿಗೆಹಾರ ದಾಟಿದರೆ ಚಾರ್ಮಾಡಿ ಘಾಟಿ. ಇಲ್ಲಿಂದ ಪಶ್ಚಿಮಕ್ಕೆ ಬಿದ್ದ ಮಳೆ ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಗಿರಿಯ ಮೂಡಣ ಮಗ್ಗುಲಿನ ನೀರು ಮಾತ್ರ ನಮ್ಮ ಕಡೆಗೆ ಬಂದು, ಹಗರಿ ಎನಿಸಿ ತುಂಗಭದ್ರೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ.

ಇಳಿಜಾರಿನಲ್ಲಿ ಬ್ರೇಕ್ ಒಂದನ್ನೇ ನಂಬಿದರೆ ಅದು ಕಾದು ಕೈಕೊಡುತ್ತದೆ, ಸಣ್ಣ ಗೇರ್‌ನಲ್ಲೇ ಇಳಿಯಬೇಕು. ತಿರುವಿನಲ್ಲಿ ಹಿಂದಿನ ಗಾಡಿ ಒಳಕ್ಕೆ ಕತ್ತರಿಸಿ ಬರುವುದರಿಂದ ಮುಂದಿನದನ್ನು ಅಗಲವಾಗಿ ತಿರುಗಿಸಬೇಕು. 2019ರ ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ಬೇಡ. ಉದ್ದನೆ ಗಾಡಿಗೆ ಅವಕಾಶ ಉಂಟೋ ಇಲ್ವೋ ಎಂದು ಮೊದಲೇ ವಿಚಾರಿಸಿದರೆ ಒಳ್ಳೇದು. ಘಾಟಿ ಇಳಿದರೆ ಉಜಿರೆ, ಬೆಳ್ತಂಗಡಿ, ಆಮೇಲೆ ಮಂಗಳೂರ ಕಡಲು.

ಇದೇ ಪ್ರವಾಸಕ್ಕೆ ಟ್ರ್ಯಾಕ್ಟರ್ ಡಬ್ಬಿ ಸಾಲದೇ ಎಂದು ಕೇಳುವವರೂ ಇದ್ದಾರೆ. ಸಾಲದು. ಡಬ್ಬಿ ಸರಕಿಗೆ ಮಾತ್ರ. ಸರಕು ವಾಹನದಲ್ಲಿ ಪುಕ್ಕಟೆ ಕೂತು ಹೋದವರಿಗೆ ಅಪಘಾತವಾದರೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಮನೆಯಂಥ ಟ್ರೇಲರ್ ಆದರೂ ಅಷ್ಟೇ, ಗಾಡಿ ಓಡುವಾಗ ಒಳಗೆ ಜನ ಕೂರಬಾರದು.

ಭೈರವಾನಿತಿಪ್ಪಕ್ಕೆ ಹೊಸ ನೀರು ಬಂತು ಅಂದ್ರೆ ಊರೇ ನೋಡಲು ಹೋಗುತ್ತದೆ, ಅದೂ ಟ್ರ್ಯಾಕ್ಟರ್ ಡಬ್ಬಿಯಲ್ಲೇ. ನೀರು ನೋಡೋ ಸಂಭ್ರಮ ಇರಲಿ, ಡಬ್ಬಿ ಮಾತ್ರ ಶೇಂಗಾಕ್ಕೇ ಇರಲಿ.