ವಿಲನ್‌ಗಳಿಗೆ ಒಂಬತ್ತು ಮನೆ: ಯಾರು ಎಲ್ಲಿ ಕೂರಬೇಕು?

ಒಂಬತ್ತು ಚೌಕದ ಆ ಮೀಮ್ ನೋಡದವರು ನಮ್ಮ ಕ್ಯಾಂಪಸ್‌ನಲ್ಲಿ ಇರಲಿಕ್ಕಿಲ್ಲ. ಮೇಲೆ ಎಡಗಡೆ ‘ಲಾಫುಲ್ ಗುಡ್’, ಕೆಳಗೆ ಬಲಗಡೆ ‘ಕೇಯಾಟಿಕ್ ಈವಿಲ್’, ಮಧ್ಯೆ ಉಳಿದ ಏಳು. ಮೆಸ್ಸಿನ ತಿಂಡಿಯಿಂದ ಹಿಡಿದು ಪ್ರೋಗ್ರಾಮಿಂಗ್ ಭಾಷೆಗಳವರೆಗೆ ಎಲ್ಲವನ್ನೂ ಜನ ಅದರಲ್ಲಿ ತುಂಬಿಸಿದ್ದಾರೆ. ಸಿನಿಮಾ ವಿಲನ್‌ಗಳ ಚಾರ್ಟ್‌ಗಳಿಗಂತೂ ಲೆಕ್ಕವೇ ಇಲ್ಲ. ಆದರೆ ನಾನು ನೋಡಿದ ಬಹುಪಾಲು ಚಾರ್ಟ್‌ಗಳು ಒಂದೇ ಕಡೆ ಎಡವುತ್ತವೆ. ಸೂಟು ಹಾಕಿಕೊಂಡು ಮೆತ್ತಗೆ ಮಾತಾಡೋನು ಲಾಫುಲ್, ಕಿರುಚಾಡೋನು ಕೇಯಾಟಿಕ್ ಅಂತ ಹಾಕಿ ಮುಗಿಸಿಬಿಡುತ್ತವೆ. (ಮುಂದೆ ಹಲವು ಸಿನಿಮಾಗಳ ಕಥೆ ಬಿಟ್ಟುಕೊಟ್ಟಿದ್ದೇನೆ. ನೋಡಿಲ್ಲದವರು ನೋಡಿಕೊಂಡು ಬನ್ನಿ, ಲೇಖನ ಎಲ್ಲೂ ಓಡಿಹೋಗಲ್ಲ.)

ಈ ಚೌಕಗಳು ಬಂದದ್ದು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಅನ್ನೋ ರೋಲ್‌ಪ್ಲೇಯಿಂಗ್ ಆಟದಿಂದ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದಾಗ ಇದ್ದದ್ದು ಮೂರೇ ಪಕ್ಷ: ಲಾ, ನ್ಯೂಟ್ರಾಲಿಟಿ, ಕೇಯಾಸ್. ಅಂದರೆ ಕಟ್ಟುಪಾಡು, ತಟಸ್ಥ, ಗೊಂದಲ. ಪೋಲ್ ಆಂಡರ್ಸನ್, ಮೈಕೆಲ್ ಮೂರ್‌ಕಾಕ್ ಥರದ ಫ್ಯಾಂಟಸಿ ಕಾದಂಬರಿಕಾರರಿಂದ ತಗೊಂಡ ಐಡಿಯಾ ಅದು. ಒಳ್ಳೆಯದು-ಕೆಟ್ಟದ್ದು ಅನ್ನೋ ಎರಡನೇ ಅಕ್ಷವನ್ನು ಗೈಗ್ಯಾಕ್ಸ್ 1976ರಲ್ಲಿ ಒಂದು ಲೇಖನದಲ್ಲಿ ಸೇರಿಸಿದರು. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಹೊತ್ತಿಗೆ ಒಂಬತ್ತು ಮನೆಗಳು ಗಟ್ಟಿಯಾದವು. ನಮ್ಮ ಭಾಷೆಯಲ್ಲೇ ಹೇಳೋದಾದರೆ ಎಕ್ಸ್ ಮತ್ತು ವೈ ಅಕ್ಷ ಒಂದಕ್ಕೊಂದು ಲಂಬ. ಎಕ್ಸ್ ಬೆಲೆ ಗೊತ್ತಿದ್ದ ಮಾತ್ರಕ್ಕೆ ವೈ ಬೆಲೆ ಗೊತ್ತಾಗಲ್ಲ.

ವೈ ಅಕ್ಷ ಕೇಳೋದು ಸುಲಭದ ಪ್ರಶ್ನೆ: ಬೇರೆಯವರ ನೋವು ಇವನಿಗೆ ಲೆಕ್ಕಕ್ಕಿದೆಯಾ? ಕಷ್ಟ ಇರೋದು ಎಕ್ಸ್‌ನಲ್ಲಿ. ಅದಕ್ಕೆ ನಾನು ಬಳಸೋ ಟೆಸ್ಟ್ ಒಂದೇ. ನಿಯಮದಿಂದ ಲಾಭ ಇದ್ದಾಗ ಎಲ್ಲರೂ ನಿಯಮ ಪಾಲಿಸ್ತಾರೆ, ಅದು ಡೇಟಾನೇ ಅಲ್ಲ. ನಿಯಮದಿಂದ ಅವನಿಗೇ ನಷ್ಟ ಆಗುವಾಗ, ಅಥವಾ ಏನೂ ಸಿಗದಾಗ, ಆತ ಏನು ಮಾಡ್ತಾನೆ?

‘ದ ಡಾರ್ಕ್ ನೈಟ್’ (2008) ಜೋಕರ್‌ನಿಂದ ಶುರು ಮಾಡೋಣ. ತನ್ನ ಹತ್ತಿರ ಪ್ಲಾನೇ ಇಲ್ಲ ಅಂತಾನೆ, ಆದರೆ ಮೊದಲ ದೃಶ್ಯದ ಬ್ಯಾಂಕ್ ದರೋಡೆಯೇ ಸೆಕೆಂಡು ಲೆಕ್ಕದಲ್ಲಿ ನಡೆಯೋ ಪ್ಲಾನು. ಹಾಗಾಗಿ ಅವನು ಲಾಫುಲ್ ಅಂತ ವಾದಿಸೋ ಜಾಣರಿದ್ದಾರೆ. ಪ್ಲಾನಿಂಗ್ ಅನ್ನೋದು ಕೌಶಲ್ಯ ಕಣ್ರೀ, ನಿಷ್ಠೆಯಲ್ಲ. ಹಣದ ರಾಶಿಗೆ ಬೆಂಕಿ ಹಚ್ಚಿದವನು, ರೇಚಲ್ ಮತ್ತು ಹಾರ್ವಿ ಡೆಂಟ್ ಇರೋ ಜಾಗಗಳ ವಿಳಾಸ ಅದಲುಬದಲು ಮಾಡಿ ಹೇಳಿದವನು ಯಾವ ಮಾತಿಗೂ ಕಟ್ಟುಬಿದ್ದಿಲ್ಲ. ಕೇಯಾಟಿಕ್ ಈವಿಲ್. ಇದರಲ್ಲಿ ಚರ್ಚೆ ಏನಿಲ್ಲ.

ನಿಜವಾದ ಮಜಾ ಇರೋದು ಎರಡು ನಾಣ್ಯಗಳಲ್ಲಿ. ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ (2007) ಚಿತ್ರದಲ್ಲಿ ಹಾವಿಯೇರ್ ಬಾರ್ಡೆಮ್ ಮಾಡಿದ ಆಂಟನ್ ಚಿಗರ್ ನಾಣ್ಯ ಚಿಮ್ಮಿ ಸಾವು-ಬದುಕು ತೀರ್ಮಾನಿಸ್ತಾನೆ. ಮರುವರ್ಷ ಬಂದ ‘ದ ಡಾರ್ಕ್ ನೈಟ್’ನಲ್ಲಿ ಹಾರ್ವಿ ಡೆಂಟ್ ಕೂಡ ಅದನ್ನೇ ಮಾಡ್ತಾನೆ. ನಾಣ್ಯ ಅಂದರೆ ಅದೃಷ್ಟ, ಹಾಗಾಗಿ ಇಬ್ಬರೂ ಕೇಯಾಟಿಕ್ ಅಂತ ಒಂದೇ ಮನೆಗೆ ಹಾಕೋದು ರೂಢಿ. ಆದರೆ ನಾಣ್ಯ ಬಿದ್ದ ಮೇಲೆ ಏನಾಗುತ್ತೆ ನೋಡಿ. ಪೆಟ್ರೋಲ್ ಬಂಕಿನ ಮುದುಕ ಸರಿಯಾಗಿ ಹೇಳ್ತಾನೆ, ಚಿಗರ್ ಸುಮ್ಮನೆ ಎದ್ದು ಹೋಗ್ತಾನೆ. ಡೆಂಟ್ ಮಾತ್ರ ಡಾನ್ ಮರೋನಿಯ ಕಾರಿನಲ್ಲಿ ಕೂತು ನಾಣ್ಯ ಚಿಮ್ಮಿ, ಮರೋನಿ ಬಚಾವಾದ ತಕ್ಷಣ ಡ್ರೈವರ್ ಹೆಸರಲ್ಲಿ ಇನ್ನೊಂದು ಸಲ ಚಿಮ್ಮುತ್ತಾನೆ. ಡ್ರೈವರ್‌ಗೆ ಗುಂಡು ಬಿತ್ತು, ಕಾರು ಪಲ್ಟಿ. ಬೇಕಾದ ಉತ್ತರ ಬರೋವರೆಗೂ ಪ್ರಯೋಗ ಮತ್ತೆ ಮಾಡೋದು ಅಂದರೆ ಇದೇ, ಲ್ಯಾಬ್ ರೆಕಾರ್ಡ್ ಬರೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡೆಂಟ್‌ಗೆ ನಾಣ್ಯ ಬರೀ ನೆಪ.

ಚಿಗರ್ ಹಾಗಲ್ಲ. ಹಣ ತಂದುಕೊಡದಿದ್ದರೆ ನಿನ್ನ ಹೆಂಡತಿಯನ್ನೂ ಬಿಡಲ್ಲ ಅಂತ ಮಾಸ್‌ಗೆ ಫೋನಲ್ಲಿ ಹೇಳಿರ್ತಾನೆ. ಆಮೇಲೆ ಮಾಸ್ ಬೇರೆಯವರ ಕೈಯಲ್ಲಿ ಸತ್ತೇಹೋಗ್ತಾನೆ. ಹೆಂಡತಿ ಕಾರ್ಲಾ ಜೀನ್‌ಳನ್ನು ಕೊಂದು ಚಿಗರ್‌ಗೆ ಏನೂ ಸಿಗಬೇಕಾಗಿಲ್ಲ. ಆದರೂ ಹೇಳಿದ್ದೇನೆ ಅನ್ನೋ ಒಂದೇ ಕಾರಣಕ್ಕೆ ಅವಳ ಮನೆ ಹುಡುಕಿಕೊಂಡು ಹೋಗ್ತಾನೆ. ನನ್ನ ಟೆಸ್ಟ್ ಪ್ರಕಾರ ಇದು ಲಾಫುಲ್ ಈವಿಲ್, ಅದೂ ಶುದ್ಧ ರೂಪದಲ್ಲಿ. ಇದಕ್ಕೆ ಸಿನಿಮಾದೊಳಗೇ ಒಂದು ಒಳ್ಳೆ ಆಕ್ಷೇಪಣೆ ಇದೆ: ಕಾರ್ಲಾ ಜೀನ್ ನಾಣ್ಯಕ್ಕೆ ಉತ್ತರ ಹೇಳೋಕೇ ಒಪ್ಪಲ್ಲ. ಕೊಲ್ಲೋದು ನೀನು, ನಾಣ್ಯ ಅಲ್ಲ ಅನ್ನೋದು ಅವಳ ನಿಲುವು. ನಿಯಮದ ಹಿಂದೆ ನಿಂತವನನ್ನು ಹೊರಗೆಳೆಯೋ ಪ್ರಯತ್ನ ಅದು. ಜೀವ ಉಳಿಯಲ್ಲ, ಆದರೆ ಆ ಚಿತ್ರದಲ್ಲಿ ಚಿಗರ್‌ಗೆ ಉತ್ತರ ಕೊಟ್ಟವಳು ಅಂದರೆ ಅವಳೇ.

ನ್ಯೂಟ್ರಲ್ ಈವಿಲ್‌ಗೆ ‘ಡೈ ಹಾರ್ಡ್’ (1988) ಚಿತ್ರದ ಹ್ಯಾನ್ಸ್ ಗ್ರೂಬರ್ ಸಾಕು. ಕ್ರಾಂತಿಕಾರಿಗಳನ್ನು ಬಿಡುಗಡೆ ಮಾಡಿ ಅಂತ ಬೇಡಿಕೆ ಇಡ್ತಾನೆ, ಆದರೆ ಆ ಸಂಘಟನೆಯ ಹೆಸರನ್ನು ಅವನು ಓದಿದ್ದೇ ಮ್ಯಾಗಜೀನ್‌ನಲ್ಲಿ. ಬೇಕಾಗಿರೋದು ತಿಜೋರಿಯೊಳಗಿನ 64 ಕೋಟಿ ಡಾಲರ್ ಬಾಂಡ್. ಎಫ್‌ಬಿಐ ತನ್ನ ರೂಲ್‌ಬುಕ್ ಪ್ರಕಾರ ಕಟ್ಟಡದ ಕರೆಂಟ್ ತೆಗೆಯುತ್ತೆ, ತಿಜೋರಿಯ ಕೊನೆಯ ಬೀಗ ತಾನಾಗೇ ಬಿಟ್ಟುಕೊಳ್ಳುತ್ತೆ. ಗ್ರೂಬರ್‌ಗೆ ನಿಯಮದ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಬೇರೆಯವರ ನಿಯಮ ಅವನಿಗೆ ಒಂದು ಟೂಲು ಅಷ್ಟೆ.

ಈಗ ನನಗೆ ಇವರೆಲ್ಲರಿಗಿಂತ ಹೆಚ್ಚು ಭಯ ಹುಟ್ಟಿಸಿದವಳು: ‘ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್’ (1975) ಚಿತ್ರದ ನರ್ಸ್ ರ್ಯಾಚೆಡ್. ಲೂಯೀಸ್ ಫ್ಲೆಚರ್‌ಗೆ ಆಸ್ಕರ್ ತಂದ ಪಾತ್ರ. ಕೈಯಲ್ಲಿ ಗನ್ನಿಲ್ಲ, ದನಿ ಏರಲ್ಲ. ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ಬೇಸ್‌ಬಾಲ್ ಮ್ಯಾಚ್ ನೋಡೋಕೆ ಟಿವಿ ಹಾಕಿ ಅಂತ ಮೆಕ್‌ಮರ್ಫಿ ವೋಟಿಗೆ ಹಾಕ್ತಾನೆ. ಗುಂಪಿನಲ್ಲಿ ಕೂತ ಒಂಬತ್ತೂ ಕೈ ಮೇಲೇಳುತ್ತೆ. ವಾರ್ಡಿನಲ್ಲಿ ಒಟ್ಟು 18 ಜನ ಇದ್ದಾರೆ, ಬಹುಮತ ಬೇಕು ಅಂತಾಳೆ. ಉಳಿದವರಿಗೆ ವೋಟು ಅಂದರೇನು ಅಂತಲೇ ತಿಳಿಯದ ಸ್ಥಿತಿ. ಮೆಕ್‌ಮರ್ಫಿ ಹೇಗೋ ಚೀಫ್‌ನಿಂದ ಹತ್ತನೇ ಕೈ ಎತ್ತಿಸ್ತಾನೆ. ಅಷ್ಟರಲ್ಲಿ ಸಭೆ ಮುಗಿದಿತ್ತು, ವೋಟಿಂಗ್ ಕ್ಲೋಸ್ ಆಗಿದೆ ಅಂತಾಳೆ. ಒಂದೇ ಒಂದು ನಿಯಮವನ್ನೂ ಮುರಿದಿಲ್ಲ. ಜೋಕರ್ ಬಂದರೆ ಪೊಲೀಸರಿಗೆ ಫೋನ್ ಮಾಡಬಹುದು. ಇವಳ ಮೇಲೆ ಯಾರ ಹತ್ತಿರ ದೂರು ಕೊಡ್ತೀರ? ಕೊಟ್ಟರೂ ಫೈಲು ತಿರುಗಿ ಅವಳ ಟೇಬಲ್ಲಿಗೇ ಬರುತ್ತೆ. ಕೊನೆಗೆ ಮೆಕ್‌ಮರ್ಫಿಯ ಮೆದುಳಿಗೆ ಕತ್ತರಿ ಬೀಳೋದೂ ‘ಚಿಕಿತ್ಸೆ’ ಅನ್ನೋ ಹೆಸರಲ್ಲೇ.

ಇಂಥವರನ್ನು ಸೋಲಿಸಬೇಕಾದರೆ ರೂಲ್‌ಬುಕ್ ಒಳಗಿಂದಲೇ ಸಂದಿ ಹುಡುಕಬೇಕು. ಇದು ನಮಗೆ ಹೊಸ ಕಥೆಯಲ್ಲ. ‘ಭಕ್ತ ಪ್ರಹ್ಲಾದ’ (1983) ಚಿತ್ರದಲ್ಲಿ ಡಾ. ರಾಜ್ ಮಾಡಿದ ಹಿರಣ್ಯಕಶಿಪು ತಪಸ್ಸು ಮಾಡಿ, ಕ್ರಮವಾಗಿ ವರ ಪಡೆದವನು. ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ರಾತ್ರಿಯೂ ಅಲ್ಲ, ಮನುಷ್ಯನೂ ಅಲ್ಲ ಮೃಗವೂ ಅಲ್ಲ. ನರಸಿಂಹ ಆ ಸ್ಪೆಸಿಫಿಕೇಶನ್‌ನ ಒಂದು ಸಾಲನ್ನೂ ಮೀರದೆ ಹೊಸ್ತಿಲ ಮೇಲೆ, ಮುಸ್ಸಂಜೆಯಲ್ಲಿ ಕಾರ್ನರ್ ಕೇಸ್ ಹುಡುಕಿದ. ಚೀಫ್ ಎತ್ತಿದ ಹತ್ತನೇ ಕೈ ಕೂಡ ಅದೇ ಜಾತಿಯ ಪ್ರಯತ್ನ, ಫಲ ಮಾತ್ರ ಸಿಗಲಿಲ್ಲ.

ಇನ್ನೊಂದು ಅಕ್ಷದಲ್ಲೂ ನಾವು ಮೋಸ ಹೋಗ್ತೀವಿ ಅನ್ನೋದಕ್ಕೆ ‘ಕಾಂತಾರ’ (2022) ಇದೆ. ಅರಣ್ಯಾಧಿಕಾರಿ ಮುರಳಿ ಮೊದಲರ್ಧ ಪೂರ್ತಿ ವಿಲನ್ ಥರ ಕಾಣ್ತಾನೆ, ಥಿಯೇಟರ್‌ನಲ್ಲಿ ಜನ ಬೈದುಕೊಂಡಿದ್ದೂ ಅವನನ್ನೇ. 1973ರ ‘ಗಂಧದ ಗುಡಿ’ಯಲ್ಲಿ ಅದೇ ಇಲಾಖೆಯ ಅಧಿಕಾರಿ ಹೀರೋ ಆಗಿದ್ದ, ಇರ್ಲಿ. ಮುರಳಿಗೆ ಕಾಯ್ದೆ ಮುಖ್ಯ, ಊರಿನವರ ನೋವು ಅವನ ಫಾರ್ಮಿನಲ್ಲಿ ಕಾಲಮ್ಮೇ ಇಲ್ಲದ ವಿಷಯ. ಅಂದರೆ ಲಾಫುಲ್ ನ್ಯೂಟ್ರಲ್. ಅಚ್ಯುತ್ ಕುಮಾರ್ ಮಾಡಿದ ದೇವೇಂದ್ರ ಊರವರ ಜತೆ ನಗುನಗುತ್ತಾ ಇರೋ ಧಣಿ. ಆ ಭೂಮಿ ಅವನ ಪೂರ್ವಿಕ ದೈವಕ್ಕೆ ಮಾತು ಕೊಟ್ಟು ಬಿಟ್ಟುಕೊಟ್ಟದ್ದು. ಆ ಮಾತು ತನಗೆ ನಷ್ಟ ಅನ್ನಿಸಿದಾಗ ಏನು ಮಾಡಿದ ಅಂತ ಗುರುವನ ಕೊಲೆ ಹೇಳುತ್ತೆ. ಟೆಸ್ಟಿನಲ್ಲಿ ಫೇಲು. ಧಣಿತನದ ಮುಖವಾಡ ತೆಗೆದರೆ ಅವನು ಕೂರೋದು ಗ್ರೂಬರ್ ಪಕ್ಕದಲ್ಲೇ, ನ್ಯೂಟ್ರಲ್ ಈವಿಲ್ ಮನೆಯಲ್ಲಿ. ಕ್ಲೈಮ್ಯಾಕ್ಸ್ ಹೊತ್ತಿಗೆ ಮುರಳಿ ಊರಿನವರ ಪಕ್ಕ ಬಂದು ನಿಲ್ತಾನೆ. ಆಗ ಅವನನ್ನು ಲಾಫುಲ್ ಗುಡ್ ಮನೆಗೆ ಕಳಿಸಬಹುದಾ ಅಂತ ನಮ್ಮ ಹಾಸ್ಟೆಲ್‌ನಲ್ಲಿ ಇನ್ನೂ ಜಗಳ ನಡೀತಾ ಇದೆ. ನನ್ನ ವೋಟು ಕಳಿಸಬಹುದು ಅನ್ನೋ ಕಡೆ.